ಚೀಲದೊಳಗೆ ಕೂಡಿಟ್ಟ ಲಕ್ಷ್ಮಿ

ಫ್ಯಾನಿನ ರೆಕ್ಕೆಯ ಮೇಲ್ಭಾಗವನ್ನು ಯಾರೂ ನೋಡಬಾರದು. ನಾನು ಕುರ್ಚಿ ಹತ್ತಿ ನೋಡಿದೆ. ಮೈಸೂರಿನಲ್ಲಿ ಧೂಳು ಎಂದರೆ ಊದಿದರೆ ಹಾರಿಹೋಗುವ ಪದಾರ್ಥ. ಮಲೇಷ್ಯಾದ ಈ ಬಯಾನ್ ಲೆಪಾಸ್‌ನ ಬೆವರು ಹವೆಯಲ್ಲಿ ಅದು ಹಾರುವುದಿಲ್ಲ, ಅಂಟುತ್ತದೆ. ಬೆರಳಿಟ್ಟೆ. ಬೂದು ಬಣ್ಣದ ಕಣಕದಂಥದ್ದು ಸುರುಳಿಯಾಗಿ ಎದ್ದು ಬಂತು. ಅದರೊಳಗೊಂದು ಉದ್ದ ಕೂದಲು, ನನ್ನದೇ. ನೆಲಕ್ಕೆ ಬಿದ್ದ ಕೂದಲು ಅಷ್ಟೆತ್ತರಕ್ಕೆ ಹೇಗೆ ಹತ್ತಿತೋ ದೇವರೇ ಬಲ್ಲ.

ನನಗೆ ಮೊದಲಿನಿಂದಲೂ ಹೇಸಿಗೆ ಹೆಚ್ಚು. ಬೇರೆಯವರ ಮನೆಯಲ್ಲಿ ಲೋಟ ಕೊಟ್ಟರೆ ಮೂಸಿ ನೋಡದೆ ಕುಡಿದವಳಲ್ಲ. ನನ್ನ ಗಂಡನೋ ಚಿಪ್ ಕಾರ್ಖಾನೆಯಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಮುಸುಕು ಹಾಕಿಕೊಂಡು, ಒಂದು ಕಣ ಧೂಳನ್ನೂ ಒಳಗೆ ಬಿಡದ ಕೋಣೆಯಲ್ಲಿ ದುಡಿಯುವವನು. ಮನೆಗೆ ಬಂದರೆ ಬೆವರಿದ ಕಾಲುಚೀಲ ಮಂಚದ ಕೆಳಗೆ. ದೀಪದ ಬುಡದಲ್ಲೇ ಕತ್ತಲೆ ಎಂದು, ಮೈಸೂರಿನಿಂದ ಬಂದು ನಮ್ಮ ಜೊತೆಗಿರುವ ಅತ್ತೆ ಹೇಳುತ್ತಿದ್ದರು, ಮಗನ ಕಾಲುಚೀಲವನ್ನು ಎರಡು ಬೆರಳಲ್ಲಿ ಎತ್ತುತ್ತ.

ನಾನು ಆ ದಿನ ಕುರ್ಚಿ ಹತ್ತಿದ್ದು ಮಗಳಿಗಾಗಿ. ಅವಳ ಮೂಗು ಕಟ್ಟಿ ಎಷ್ಟೋ ಕಾಲವಾಗಿತ್ತು. ಬಾಯಿ ತೆರೆದೇ ಉಸಿರಾಡುತ್ತಿದ್ದಳು, ಬಾಯಿ ತೆರೆದೇ ಮಲಗುತ್ತಿದ್ದಳು. ಮಕ್ಕಳಿಗೆ ನೆಗಡಿ ಇದ್ದದ್ದೇ ಎಂದು ನಾವೂ ಸುಮ್ಮನಿದ್ದೆವು. ಒಂದು ಸಂಜೆ ಅವಳು ಅಡುಗೆಮನೆಯಲ್ಲೇ ಕೂತು ಶಾಲೆಯ ಪಾಠ ಬರೆಯುತ್ತಿದ್ದಾಗ ಅತ್ತೆ ಒಲೆಗಿಟ್ಟು ಮರೆತಿದ್ದ ಹಾಲು ಸೀದು ಪಾತ್ರೆ ಕರಕಲಾಯಿತು. ನಾನು ಹೊರಗಿನ ಬಾಗಿಲು ತೆರೆಯುತ್ತಲೇ ಕೆಮ್ಮಿದೆ. ಅವಳು ತಲೆ ಎತ್ತಿ, "ವಾಟ್ ಹ್ಯಾಪನ್ಡ್, ಅಮ್ಮಾ?" ಎಂದಳು. ಮಗುವಿಗೆ ವಾಸನೆಯೇ ತಿಳಿಯುತ್ತಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಡಾಕ್ಟರು ಮೂಗಿಗೆ ಬಿಡುವ ಔಷಧಿ ಕೊಟ್ಟು, ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳುಗಳಿರುತ್ತವೆ, ನಮ್ಮ ಮೈಯಿಂದ ಉದುರುವ ಚರ್ಮವನ್ನು ತಿಂದು ಅಲ್ಲೇ ಹೊಲಸು ಮಾಡುತ್ತವೆ, ಈ ಮಗುವಿಗೆ ಅದೇ ಆಗದು ಎಂದರು. "ತಿಂಗಳಿಗೊಮ್ಮೆ ದೊಡ್ಡ ಕ್ಲೀನಿಂಗ್ ಮಾಡಿ ಪ್ರಯೋಜನವಿಲ್ಲ, ಸ್ವಲ್ಪ ಸ್ವಲ್ಪ ಆದರೂ ತಪ್ಪದೆ ಮಾಡಿ" ಎಂದೂ ಸೇರಿಸಿದರು. ಆ ಹುಳುಗಳ ಊಟೋಪಚಾರದ ವಿಷಯ ಕೇಳಿದ ಮೇಲೆ ನನಗೆ ದಿಂಬಿಗೆ ತಲೆಯಿಡಲು ಮನಸ್ಸು ಬರಲಿಲ್ಲ.

ಸರಿ, ತಪ್ಪದೆ ಮಾಡಲು ಒಂದು ಕ್ರಮ ಬೇಕು. ನಾವಿಬ್ಬರೂ ಕೆಲಸ ಮುಗಿಸಿ ಬರುವಾಗ ಸಂಜೆ. ಕೈಕಾಲು ತೊಳೆದವಳೇ ವ್ಯಾಕ್ಯೂಮ್ ಕ್ಲೀನರ್ ತಂದು ಪ್ಲಗ್ ಸಿಕ್ಕಿಸಿದೆ. ಅತ್ತೆ ದೇವರ ಮುಂದಿನಿಂದ ಎದ್ದು ಬಂದರು.

"ಏನಮ್ಮ ಇದು, ದೀಪ ಹಚ್ಚಾಗಿದೆ. ಹಚ್ಚಿದ್ಮೇಲೆ ಯಾರಾದ್ರೂ ಕಸ ಗುಡಿಸ್ತಾರಾ? ಲಕ್ಷ್ಮಿ ಆಚೆ ಹೋಗ್ಬಿಡ್ತಾಳೆ."

"ಗುಡಿಸ್ತಿಲ್ಲ ಅತ್ತೆ, ಇದು ಪೊರಕೆ ಅಲ್ವಲ್ಲ."

"ಪೊರಕೆ ಮಾಡೋ ಕೆಲ್ಸಾನೇ ತಾನೆ ಮಾಡೋದು?"

ಬೆಳಿಗ್ಗೆ ಮಾಡೋಣವೆಂದರೆ ಮಂಗಳವಾರ, ಶುಕ್ರವಾರ ಧೂಳು ಹೊಡೆಯಬಾರದು. ಗಂಡ ಕೆಲಸದ ಮೇಲೆ ಕೌಲಾಲಂಪುರಕ್ಕೆ ಹೊರಟರೆ ಅವನ ಬೆನ್ನಿಗೇ ಗುಡಿಸಬಾರದು. ಅಮಾವಾಸ್ಯೆಗೆ ಮುಟ್ಟಬಾರದು, ಹಬ್ಬದ ದಿನ ಕೇಳಲೇಬಾರದು. ಈ ಲಕ್ಷ್ಮಿ ಇಷ್ಟು ಸೂಕ್ಷ್ಮದವಳಾದರೆ ಮಲೇಷ್ಯಾದವರೆಗೆ ನಮ್ಮ ಹಿಂದೆ ಬಂದದ್ದಾದರೂ ಯಾಕೆ ಎಂದು ಮನಸ್ಸಲ್ಲೇ ಗೊಣಗಿಕೊಂಡೆ. ಒಳಗೆ ಮಗಳು ಸಾಲಾಗಿ ಸೀನುತ್ತಿದ್ದಳು.

ಪರಿಹಾರ ಹುಡುಕಿದ್ದು ಗಂಡ. "ಅಮ್ಮಾ, ಪೊರಕೆ ಆದ್ರೆ ಕಸಾನ ಬಾಗಿಲಾಚೆ ತಳ್ಳುತ್ತೆ. ಈ ಮಷೀನು ಒಳಗಡೆನೇ ಚೀಲದಲ್ಲಿ ಇಟ್ಕೊಳ್ಳುತ್ತೆ. ಲಕ್ಷ್ಮಿ ಮನೇಲೇ ಇದ್ದ ಹಾಗಾಯ್ತಲ್ಲ!" ಅತ್ತೆ ಬಗ್ಗಿ ಯಂತ್ರದ ಹೊಟ್ಟೆಯನ್ನು ತಟ್ಟಿ ನೋಡಿದರು. ಆಮೇಲೆ, "ಹಾಗಾದ್ರೆ ಸಂಜೆ ಮಾಡ್ಕೊಳ್ಳಿ. ಆದ್ರೆ ಚೀಲ ಖಾಲಿ ಮಾಡೋದು ಮಾತ್ರ ಹೊತ್ತು ಹುಟ್ಟಿದ್ಮೇಲೆ," ಎಂದು ತೀರ್ಪು ಕೊಟ್ಟರು. ಎಂಜಿನಿಯರ್ ಮಗನ ತರ್ಕಕ್ಕೆ ಅವರಿಗೂ ಹೆಮ್ಮೆ, ನನಗೂ ಗೆದ್ದ ಖುಷಿ.

ಕ್ರಮ ಕೂತಿತು. ದಿನವೂ ಸಂಜೆ ದೀಪದ ನಂತರ ಯಂತ್ರ ಮನೆಯೆಲ್ಲ ಗುರುಗುಟ್ಟುತ್ತ ಓಡಾಡುತ್ತಿತ್ತು. ಟೈಲ್ಸ್ ಹೊಳೆಯಿತು. ಹೊತ್ತು ಹುಟ್ಟಿದ ಮೇಲೆ ಚೀಲ ಖಾಲಿ ಮಾಡಬೇಕಾದವರು ಯಾರು? ಬೆಳಿಗ್ಗೆ ನನಗೆ ಟಿಫಿನ್ ಡಬ್ಬಿಯ ಗಡಿಬಿಡಿ, ಗಂಡನಿಗೆ ಶಿಫ್ಟು, ಅತ್ತೆಗೆ ಸ್ನಾನವಾದ ಮೇಲೆ ಮಡಿ. ಹೀಗೆ ಲಕ್ಷ್ಮಿ ಚೀಲದಲ್ಲೇ ಉಳಿದಳು. ಬೇರೆಲ್ಲೂ ಜಾಗವಿಲ್ಲದ್ದರಿಂದ ಯಂತ್ರವನ್ನು ಮಗಳ ಕೋಣೆಯಲ್ಲಿ, ಅವಳ ಮಂಚದ ತಲೆಯ ಹತ್ತಿರ ನಿಲ್ಲಿಸುತ್ತಿದ್ದೆವು.

ಮಗಳ ಮೂಗು ಮಾತ್ರ ಮೊದಲಿಗಿಂತ ಕೆಟ್ಟಿತು. ಕಣ್ಣು ಕೆಂಪಾಗಿ ಊದತೊಡಗಿತು. ಉಸಿರೆಳೆಯುವಾಗ ಎದೆಯಿಂದ ಸಣ್ಣ ಸಿಳ್ಳು ಕೇಳಿಸಿತು. ಇಷ್ಟು ಉಜ್ಜಿದರೂ ಹೀಗೇಕೆ ಎಂದು ನನಗೆ ಅಳು ಬರುತ್ತಿತ್ತು. ಸಿಟ್ಟಿನಲ್ಲಿ ಇನ್ನಷ್ಟು ಹೊತ್ತು ಯಂತ್ರ ಓಡಿಸುತ್ತಿದ್ದೆ.

ಒಂದು ಭಾನುವಾರ ಬೆಳಗಿನ ಬಿಸಿಲಲ್ಲಿ ಅವಳ ಕೋಣೆಗೆ ಯಂತ್ರ ಹಚ್ಚಿದೆ. ಮಗಳು ಮಂಚದ ಮೇಲೆ ಕೂತು ಚಿತ್ರ ಬಿಡಿಸುತ್ತಿದ್ದಳು. ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಆ ಬಿಸಿಲಿನಲ್ಲಿ, ಯಂತ್ರದ ಬೆನ್ನಿನಿಂದ ಬೂದು ಹೊಗೆಯಂತೆ ಏನೋ ಸುರಿಯುತ್ತ ನೇರ ಅವಳ ಮುಖಕ್ಕೆ ಹೋಗುತ್ತಿರುವುದು ಕಂಡಿತು. ಮುಂದಿನಿಂದ ನುಂಗಿದ್ದನ್ನೆಲ್ಲ ಅದು ಹಿಂದಿನಿಂದ ಕಾರುತ್ತಿತ್ತು. ಪ್ಲಗ್ ಕಿತ್ತು ಎಸೆದೆ. ಮಗಳನ್ನು ಹೊರಗೆ ಕಳಿಸಿ, ಯಂತ್ರವನ್ನು ಬಾಲ್ಕನಿಗೆ ಎಳೆದು ಮುಚ್ಚಳ ತೆಗೆದೆ.

ಚೀಲ ಬಿರಿಯುವಂತೆ ಉಬ್ಬಿತ್ತು. ಒಳಗೆ ಕಂಬಳಿಯಂತೆ ಗಟ್ಟಿಯಾದ ಧೂಳು, ಕೂದಲ ಉಂಡೆಗಳು, ಹಲ್ಲಿಯ ಹಿಕ್ಕೆ, ಯಾರದೋ ಕಾಲುಗುರು, ಕುಂಕುಮ, ಪೂಜೆಯ ಅಕ್ಷತೆ. ಎಲ್ಲವೂ ತೇವ ಹಿಡಿದು ಹಸಿರು ಬೂಷ್ಟು ಕಟ್ಟಿತ್ತು. ಅಕ್ಷತೆಯ ಕಾಳಿನ ನಡುವೆ ಬಿಳಿ ಹುಳುಗಳು ಮಿಸುಕಾಡುತ್ತಿದ್ದವು. ಬೆಚ್ಚಗಿನ, ಹುಳಿತ ನಾತ ಮುಖಕ್ಕೆ ರಾಚಿತು. ನಾನು ಬಾಲ್ಕನಿಯ ಮೂಲೆಗೆ ಓಡಿ ವಾಂತಿ ಮಾಡಿದೆ.

ಹಿಂದೆ ಬಂದು ನಿಂತಿದ್ದ ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಗ್ಗಿ ನೋಡಿದರು.

"ಅಯ್ಯೋ ಶಿವನೇ! ಇವಳು ಲಕ್ಷ್ಮಿ ಅಲ್ಲಮ್ಮ, ಅವಳ ಅಕ್ಕ," ಎಂದರು. ಲಕ್ಷ್ಮಿಯ ಅಕ್ಕ ಎಂದರೆ ದರಿದ್ರದ ದೇವತೆ, ಕೊಳಕಿದ್ದಲ್ಲಿ ಅವಳ ಬಿಡಾರ. "ಈ ಪೀಡೆನ ಮಗು ತಲೆ ಹತ್ರ ಇಟ್ಟು ಸಾಕಿದ್ವಲ್ಲ! ತಗೊಂಡು ಹೋಗು, ಮೊದ್ಲು ಆಚೆ ಹಾಕು!"

"ನೀವೇ ತಾನೆ ಅತ್ತೆ ಇಟ್ಕೊಳ್ಳಿ ಅಂದಿದ್ದು?"

"ನಾನಂದೆ, ಸರಿ. ನೀನು ಬಿ.ಇ. ಓದಿದೋಳು, ಯಾಕೆ ಕೇಳ್ದೆ?"

ನಾನು ಒಳಗೆ ಹೋಗಿ ಕವರು ತಂದೆ. ಅವರ ಕಣ್ಣಲ್ಲಿ ನೀರಿತ್ತು. ಇಬ್ಬರೂ ಸೇರಿ ಚೀಲಕ್ಕೆ ಎರಡು ಕವರು ಸುತ್ತಿ ಲಿಫ್ಟ್ ಪಕ್ಕದ ಕಸದ ಕೋಣೆಗೆ ಹಾಕಿ ಬಂದೆವು. ಆಮೇಲೆ ಇಬ್ಬರೂ ತಲೆಗೆ ಸ್ನಾನ ಮಾಡಿದೆವು.

ಈಗಿನ ಕ್ರಮ ಸಣ್ಣದು. ಬೆಳಿಗ್ಗೆ ಇಡ್ಲಿ ಬೇಯುವಷ್ಟು ಹೊತ್ತು, ಒಂದು ದಿನಕ್ಕೆ ಒಂದೇ ಕೋಣೆ, ಅದೂ ಮಗಳು ಅಲ್ಲಿಲ್ಲದಾಗ. ಮೊದಲು ಒದ್ದೆ ಬಟ್ಟೆಯಲ್ಲಿ ಮೇಲಿನದು, ಆಮೇಲೆ ನೆಲ. ಮಂಗಳವಾರ, ಶುಕ್ರವಾರ ರಜೆ, ಜಗಳವಿಲ್ಲ. ಫ್ಯಾನು ಗಂಡನ ಪಾಲಿಗೆ. ಕಾರ್ಖಾನೆಯ ಮುಸುಕು ಇಲ್ಲೂ ಹಾಕಿಕೋ ಎಂದು ನಾನು ಚುಚ್ಚುತ್ತೇನೆ. ಮಗಳ ದಿಂಬಿನ ಚೀಲ, ಹೊದಿಕೆ ಬಿಸಿನೀರಿಗೆ. ಅತ್ತೆ ಸ್ನಾನಕ್ಕೆ ಮೊದಲು, ಮೂಗು ಮುಚ್ಚಿಕೊಂಡು, ಬೈಯುತ್ತ ಬೈಯುತ್ತ, ತಾವೇ ಚೀಲ ಖಾಲಿ ಮಾಡುತ್ತಾರೆ. ಬೇರೆ ಯಾರಿಗೂ ಬಿಡುವುದಿಲ್ಲ. ಒಮ್ಮೊಮ್ಮೆ ಕ್ರಮ ತಪ್ಪುತ್ತದೆ, ಮರುದಿನ ಮತ್ತೆ ಶುರುವಾಗುತ್ತದೆ. ಹೇಸಿಗೆ ಮಾತ್ರ ಒಂದಿಷ್ಟೂ ಕಡಿಮೆಯಾಗಿಲ್ಲ.

ನಾನು ಕೆಲಸಕ್ಕೆ ರಜೆ ಹಾಕಿದ್ದ ಒಂದು ಮಧ್ಯಾಹ್ನ ಅತ್ತೆ ಸಾರಿಗೆ ಒಗ್ಗರಣೆ ಹಾಕಲು ಇಂಗಿನ ಡಬ್ಬಿ ತೆರೆದರು. ಶಾಲೆಯಿಂದ ಬಂದು ಊಟಕ್ಕೆ ಕಾಯುತ್ತಿದ್ದ ಮಗಳು ಥಟ್ಟನೆ ಮೂಗು ಹಿಡಿದುಕೊಂಡಳು.

"ಯಕ್, ಅಜ್ಜಿ! ವಾಟ್ ಈಸ್ ದಟ್? ಸೋ ಸ್ಮೆಲ್ಲಿ ಲಾ!" ಎಂದಳು, ಇಲ್ಲಿನ ಮಕ್ಕಳ ಹಾಗೆ ಕೊನೆಗೊಂದು 'ಲಾ' ಸೇರಿಸಿ.

ಅತ್ತೆಯ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ನನ್ನ ಮುಖ ನೋಡಿದರು. ಒಗ್ಗರಣೆ ಸೀಯುತ್ತಿದ್ದರೂ ಒಲೆ ಆರಿಸುವುದು ನಮ್ಮಿಬ್ಬರಿಗೂ ನೆನಪಾಗಲಿಲ್ಲ. ಅತ್ತೆ ಡಬ್ಬಿಯನ್ನು ಮೊಮ್ಮಗಳ ಮೂಗಿನ ಹತ್ತಿರ ಹಿಡಿದರು.

"ಇನ್ನೊಂದ್ಸಲ ಮೂಸು ಪುಟ್ಟಿ," ಎಂದರು. "ಇನ್ನೊಂದೇ ಒಂದ್ಸಲ."