ಮಾತ್ರೆಯ ಪರ, ಮಾತ್ರೆಯ ವಿರೋಧ

ಇಂಚರಳಿಗೆ ಮಾತ್ರೆ ಶುರುವಾದದ್ದು ನನ್ನ ಭಾಷಣದಿಂದ ಎಂದು ನಮ್ಮ ನೆಂಟರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಶುದ್ಧ ಸುಳ್ಳು. ಹೊಗಳಿಕೆಯಲ್ಲವೇ, ಸುಮ್ಮನಿರಬಹುದಿತ್ತು, ಆದರೆ ಆಧಾರವಿಲ್ಲದ ಹೇಳಿಕೆ ಕೇಳಿದರೆ ನನ್ನ ನಾಲಿಗೆ ತುರಿಸುತ್ತದೆ. ಮೊನ್ನೆ ಕಲ್ಲಡ್ಕದ ಹೋಟೆಲಿನಲ್ಲಿ ಅಕ್ಕನ ಸಂಸಾರದೊಂದಿಗೆ ಚಹಾ ಕುಡಿಯುತ್ತಿದ್ದಾಗ ಗಲ್ಲಾದ ಮೇಲಿನ ಗಂಟೆ 'ಟಿಂಗ್' ಎಂದಿತು. ಹಳೆಯದೆಲ್ಲ ನೆನಪಾಗಿ, ಚಹಾ ಮೂಗಿಗೇರುವಷ್ಟು ನಗು ಬಂತು.

ಇಂಚರ ಅಕ್ಕನ ಮಗಳು. ಅವಳಿಗೆ ಆಟಿಸಂ. ಮಾತು ಕಡಿಮೆ, ಕುಣಿತ ಜಾಸ್ತಿ. ಖುಷಿಯಾದರೆ ಕೈಗಳನ್ನು ರೆಕ್ಕೆಯಂತೆ ಬಡಿಯುತ್ತ ಜಿಗಿಯುತ್ತಾಳೆ, ಕಪಾಟಿನ ಪಾತ್ರೆಗಳೂ ತಾಳ ಹಾಕುತ್ತವೆ. ಎರಡು ವರ್ಷದ ಹಿಂದೆ ಮಾತ್ರ, ಸಿಟ್ಟು ಬಂದಾಗ ತನ್ನ ಮಣಿಕಟ್ಟನ್ನೇ ಕಚ್ಚಿ ಗಾಯ ಮಾಡಿಕೊಳ್ಳತೊಡಗಿದ್ದಳು.

ಮೂಡುಬಿದಿರೆಯ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಆಟಿಸಂಗೆ ಮಾತ್ರೆ ಇಲ್ಲ. ಈ ಕಚ್ಚಿಕೊಳ್ಳುವುದು ಕಡಿಮೆಯಾಗಲಿಕ್ಕೆ ಒಂದು ಉಂಟು. ತೂಕಡಿಕೆ ಬರಬಹುದು, ಹಸಿವು ಜಾಸ್ತಿಯಾಗಬಹುದು. ಥೆರಪಿ ಬಿಡುವ ಹಾಗಿಲ್ಲ. ಇಬ್ಬರೂ ಕೂತು ಮಾತಾಡಿ."

ಕೂತು ಮಾತಾಡುವುದಂತೆ! ಗುರುವಾಯನಕೆರೆಯ ಅಕ್ಕನ ಮನೆಯಲ್ಲಿ ಎಲ್ಲ ನಿಂತೇ. ಅಕ್ಕ 'ಮಾತ್ರೆ ಕೊಡುವ' ಎನ್ನುವಳು, ಭಾವ 'ಬೇಡ' ಎನ್ನುವರು. ದನಿ ಏರಿದಷ್ಟೂ ಮಗು ಕಿವಿ ಮುಚ್ಚಿಕೊಳ್ಳುವಳು.

ಆಗ ನಾನು ಮಿಜಾರಿನ ಕಾಲೇಜಿನಲ್ಲಿ ಓದುತ್ತಿದ್ದೆ. ಚರ್ಚಾಸ್ಪರ್ಧೆಯ ಬಹುಮಾನಗಳು ತಲೆಗೇರಿದ್ದ ಕಾಲ. ಜಗತ್ತಿನ ಸಮಸ್ಯೆಗಳೆಲ್ಲ ಉಳಿದುಕೊಂಡಿರುವುದು ಹೊತ್ತು ನೋಡಿ ಗಂಟೆ ಬಾರಿಸುವವರಿಲ್ಲದೆ ಎಂದೇ ನಂಬಿದ್ದೆ. ಒಂದು ಭಾನುವಾರ ಸ್ಪರ್ಧೆಯಲ್ಲಿ ಮೇಜಿನ ಮೇಲಿಟ್ಟು ಒತ್ತುವ ಗಂಟೆ ಹಿಡಿದುಕೊಂಡೇ ಹೋಗಿ, ಊಟದ ಮೇಜಿನ ಮುಂದೆ ಇಬ್ಬರನ್ನೂ ಕೂರಿಸಿ ಚೀಟಿ ಎತ್ತಿಸಿದೆ. ಬೇಡವೆನ್ನುವ ಭಾವನಿಗೆ ಪರ ಬಂತು, ಬೇಕೆನ್ನುವ ಅಕ್ಕನಿಗೆ ವಿರೋಧ.

"ಇದೆಂತ ಮಾರಾಯ್ತಿ? ನಾನು ನಂಬದ್ದನ್ನು ಮಾತಾಡುವುದಾ?"

"ನಂಬಿದ್ದನ್ನು ಯಾರು ಬೇಕಾದ್ರೂ ಮಾತಾಡ್ತಾರೆ ಭಾವ. ಏಳಿ."

ನಾವು ಜಗಳವಾಡುವುದು ತುಳುವಿನಲ್ಲಿ. ವೇದಿಕೆ ಎಂದರೆ ಕನ್ನಡ. ಶಾಲೆಯಲ್ಲಿ ಅಂಟಿದ ಅಭ್ಯಾಸ. ಕನ್ನಡಕ್ಕೆ ಬಂದದ್ದೇ ಇಬ್ಬರಿಗೂ ಎಲ್ಲಿಲ್ಲದ ಮರ್ಯಾದೆ ಬಂದುಬಿಟ್ಟಿತು. ಭಾವ ಲುಂಗಿ ಸರಿಮಾಡಿಕೊಂಡು, "ಮಾನ್ಯ ತೀರ್ಪುಗಾರರೇ, ನನ್ನ ಎದುರಾಳಿಯೂ ಧರ್ಮಪತ್ನಿಯೂ ಆದ..." ಎಂದಾಗ ಅಕ್ಕ ಕಿಸಕ್ಕನೆ ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಆಮೇಲೆ ಭಾವನ ದನಿ ಇಳಿಯಿತು. "ಆ ಕೈಗೆ ದಿನಾ ಮುಲಾಮು ಹಚ್ಚುವವನು ನಾನು. ನೋವು ಕಡಿಮೆ ಮಾಡ್ಲಿಕ್ಕೆ ದಾರಿ ಉಂಟು ಅಂತ ಗೊತ್ತಿದ್ದೂ ಸುಮ್ಮನಿರುವುದು ಹೇಗೆ?"

ಅಕ್ಕ ಎದ್ದಳು. "ಸಿಟ್ಟಿನ ಜೊತೆ ಆ ಜಿಗಿತವೂ ಹೋದ್ರೆ? ನಮಗೆ ತಣ್ಣಗೆ ಕೂರುವ ಮಗು ಬೇಕಾ, ಇಂಚರ ಬೇಕಾ?"

ಅಷ್ಟರಲ್ಲಿ ಇಂಚರ ಬಂದು ಗಂಟೆ ಒತ್ತಿದಳು. ಟಿಂಗ್! ಗಂಟೆಯಾದರೆ ಮಾತು ನಿಲ್ಲಿಸಬೇಕು, ನಿಯಮವೆಂದರೆ ನಿಯಮ; ಅಕ್ಕ ಗಪ್ಪನೆ ಬಾಯಿ ಮುಚ್ಚಿದಳು. ಮಗು ಅವಳ ಮುಖವನ್ನೇ ನೋಡಿತು. ಭಾವ ಏನೋ ಹೇಳಹೊರಟರು. ಟಿಂಗ್! ಅವರೂ ಬಂದ್. ದೊಡ್ಡವರನ್ನು ನಿಲ್ಲಿಸುವ ಗುಂಡಿ ಸಿಕ್ಕಿತ್ತಲ್ಲ, ಅವಳ ಕುಣಿತಕ್ಕೆ ಕಪಾಟು ನಡುಗಿತು.

ನಾನು ತೀರ್ಪಿಗೆ ಗಂಟಲು ಸರಿಮಾಡಿಕೊಂಡೆ. ಭಾವ ತಡೆದರು. "ನಿಲ್ಲು. ನಾನು ಹೇಳಿದ್ದೇ ಸರಿ ಕಾಣ್ತದೆ. ಕೊಡುವ."

"ಇಲ್ಲ, ನಾನು ಹೇಳಿದ್ದು ಸರಿ. ಬೇಡ," ಎಂದಳು ಅಕ್ಕ.

ತಮ್ಮ ಭಾಷಣಕ್ಕೆ ತಾವೇ ಸೋತಿದ್ದರು! ಸಮಸ್ಯೆ ಇದ್ದಲ್ಲೇ ಇತ್ತು, ಪಕ್ಷ ಮಾತ್ರ ಅದಲುಬದಲು. ನಾನು ಬಸ್ಸಿನ ನೆಪ ಹೇಳಿ ಓಡಿದೆ. ಇದು ನನ್ನ ಮಹಾಭಾಷಣದ ಕತೆ.

ಆದರೆ ಅಂದಿನಿಂದ ಇಬ್ಬರಿಗೂ ಜಗಳ ಸರಿಯಾಗಿ ಹತ್ತಲಿಲ್ಲ. ತಾನು ನಿನ್ನೆಯವರೆಗೆ ಆಡಿದ್ದನ್ನೇ ಎದುರಿನವರು ಆಡಿದರೆ ಯಾವ ಬಾಯಿಂದ ಬೈಯುವುದು? ಗಂಟೆಯೂ ಅಲ್ಲೇ ಉಳಿದಿತ್ತು; ದನಿ ಏರಿದರೆ ಟಿಂಗ್. ಕೊನೆಗೆ ಮೆಲ್ಲಗೆ ಮಾತಾಡಿಯೇ ತೀರ್ಮಾನಿಸಿದರು: ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡುವ, ಜಿಗಿತ ಕಡಿಮೆಯಾದರೆ ಅದೇ ದಿನ ಡಾಕ್ಟರಲ್ಲಿಗೆ.

ಮೊನ್ನೆ ಕಲ್ಲಡ್ಕದಲ್ಲಿ ಆ ಗಂಟೆ ಒತ್ತಿದವಳೂ ಇಂಚರಳೇ. ಒತ್ತಿ, ಗಲ್ಲಾದವರು ಬೆಚ್ಚುವಂತೆ ಜಿಗಿದಳು. ಮಣಿಕಟ್ಟಿನಲ್ಲಿ ಹಳೆಯ ಕಲೆ ಮಾತ್ರ.

"ಮಾತ್ರೆ ಹಿಡಿಯಿತು," ಎಂದರು ಭಾವ.

"ಥೆರಪಿಯದ್ದು ಏನೂ ಇಲ್ವಾ?" ಎಂದಳು ಅಕ್ಕ, ಮೆಲ್ಲಗೆ.

ಆ 'ಮೆಲ್ಲಗೆ'ಯ ಬಗ್ಗೆಯೇ ನನಗೆ ಗುಮಾನಿ. ಮಾತ್ರೆ ಬಂದದ್ದೂ, ಮನೆಯ ಗದ್ದಲ ನಿಂತದ್ದೂ ಒಂದೇ ಕಾಲ. ಯಾವುದರ ಫಲ ಎಂದು ಬೇರ್ಪಡಿಸುವುದು ಹೇಗೆ? ಗೊತ್ತಿರುವವಳು ಒಬ್ಬಳೇ. ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೇಳಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತ, ಬೆರಳನ್ನು ಗಂಟೆಯ ಮೇಲೆ ತಯಾರಾಗಿ ಇಟ್ಟುಕೊಂಡಿದ್ದಳು.

"ಹೇಳು ಮಾರಾಯ್ತಿ, ಕಚ್ಚುವುದು ನಿಂತದ್ದು ಮಾತ್ರೆಯಿಂದಲಾ, ಇವರಿಬ್ಬರ ಬಾಯಿ ನಿಂತದ್ದರಿಂದಲಾ?"