ಇಂಜಿನ್ನಿನ ಮೇಲಿನ ವಿಭೂತಿ

ಐವತ್ತರ ಹೊಸ್ತಿಲಲ್ಲಿರುವ ಕಾಲೇಜು ಮಾಸ್ತರು ಕೆಂಪು ಬಣ್ಣದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದರೆ ಓಣಿಯ ಜನ ಸುಮ್ಮನಿರುತ್ತಾರೆಯೇ? ಅದೂ ಇನ್ನೊಬ್ಬರು ಓಡಿಸಿ ಬಿಟ್ಟ ಕಾರು. ರಾಯಾಪುರದ ನಮ್ಮ ಬಡಾವಣೆಯಲ್ಲಿ ಮೊದಲ ವಾರವೇ ಮೂಲೆಮನೆಯ ನಿವೃತ್ತ ಇಂಜಿನಿಯರರು, ಸಂತೆಯ ಚೀಲ ಎಲ್ಲಿಡುತ್ತೀರಿ ಎಂದು ಕೇಳಿದರು. ರಸ್ತೆಯ ಉಬ್ಬು ಬಂದರೆ ನಾನು ಕಾರನ್ನು ಅಡ್ಡಡ್ಡ ತಿರುಗಿಸಿ ಏಡಿಯ ಹಾಗೆ ದಾಟಿಸುತ್ತಿದ್ದೆ. ಹಿಂದೆ ನಿಂತ ಸ್ಕೂಟರಿನವರು ನಗುತ್ತಿದ್ದರು. ಹುಡುಗನಾಗಿದ್ದಾಗಿನ ಆಸೆ ಅದು ಎಂದು ಯಾರಿಗೆ ಹೇಳುವುದು? ಹೇಳಿದರೆ ಇನ್ನಷ್ಟು ನಗುತ್ತಾರೆ. ಹಾಗಾಗಿ ನಾನು ಬಿಗಿ ಮುಖ ಮಾಡಿಕೊಂಡು, ಕಾರಿನ ಬಗ್ಗೆ ಎಲ್ಲ ಬಲ್ಲವನಂತೆ ಓಡಾಡುತ್ತಿದ್ದೆ.

ಆ ಕಾರನ್ನು ನೋಡಿ ನಗದೇ ಇದ್ದವರು ನನ್ನ ಮಾವ ಒಬ್ಬರೇ. ಮುಗದ ಎಂಬ ಹಳ್ಳಿಯಲ್ಲಿ ಭತ್ತ ಬೆಳೆಯುವ, ಸ್ವಂತ ಟ್ರ್ಯಾಕ್ಟರ್ ಇರುವ ಮನುಷ್ಯ. ಮೊದಲ ಸಲ ನೋಡಿದಾಗ ಕಾರಿನ ಸುತ್ತ ಒಂದು ಸುತ್ತು ಹಾಕಿ, ಕುಕ್ಕರಗಾಲಲ್ಲಿ ಕೂತು ಕೆಳಗೆ ಬಗ್ಗಿ ನೋಡಿ, ನೆಲ ಹಿಡಿದು ನಿಂತಿದೆ, ಭಾಳ ಛಲೋ ಇದೆ ಎಂದಿದ್ದರು. ಮಗಳ ಮನೆಯಲ್ಲಿ ರಾತ್ರಿ ವಸ್ತಿ ಉಳಿಯುವುದೆಂದರೆ ಅವರಿಗೆ ಸಂಕೋಚ. ಬಂದರೂ ಊಟ ಮುಗಿಸಿ ಸಂಜೆಯ ಬಸ್ಸಿಗೆ ಹೊರಡುವವರೇ. ಆದರೆ ಕಳೆದ ದಸರೆಯ ಆಯುಧಪೂಜೆಗೆ, ಕಾರಿಗೆ ಇದು ಮೊದಲ ಖಂಡೇಪೂಜೆ, ನೀವೇ ಬಂದು ಮಾಡಬೇಕು ಎಂದು ನನ್ನ ಹೆಂಡತಿ ಹಟ ಹಿಡಿದಳು. ಅವರು ತಮ್ಮ ಟ್ರ್ಯಾಕ್ಟರಿನ ಪೂಜೆಯನ್ನು ತಮ್ಮನಿಗೆ ಒಪ್ಪಿಸಿ, ಚೀಲದಲ್ಲಿ ಚೆಂಡುಹೂವು ತುಂಬಿಕೊಂಡು ಹಿಂದಿನ ದಿನವೇ ಬಂದರು.

ಹಬ್ಬಕ್ಕೆ ಮೊದಲು ನಾನೂ ನನ್ನ ಪಾಲಿನ ಸೇವೆ ಸಲ್ಲಿಸಿದ್ದೆ. ಇಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಫಿಲ್ಟರ್ ಒಂದಿರುತ್ತದಲ್ಲ, ಅದರ ಬದಲಿಗೆ ರೇಸಿನ ಕಾರುಗಳಿಗೆ ಹಾಕುವಂಥದನ್ನು ತರಿಸಿದ್ದೆ. ಅದನ್ನು ತೊಳೆದು, ಒಣಗಿಸಿ, ಕೆಂಪನೆಯ ಎಣ್ಣೆ ಹಚ್ಚಿ ಕೂಡಿಸಬೇಕು. ವಿಡಿಯೋದಲ್ಲಿ ನೋಡಿ ಅದನ್ನು ನಾನೇ ಕೂಡಿಸಿದ್ದೆ, ಹೆಂಡತಿಯ ಮುಂದೆ ಜಂಬವನ್ನೂ ಕೊಚ್ಚಿಕೊಂಡಿದ್ದೆ.

ಖಂಡೇಪೂಜೆಯ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಮಾವ ಧೋತರವನ್ನು ಮೇಲಕ್ಕೆ ಕಟ್ಟಿ, ಪೈಪು ಹಿಡಿದು ಕಾರು ತೊಳೆದು ಮುಗಿಸಿದ್ದರು. ಬಾನೆಟ್ ತೆಗೆದಿತ್ತು. ಇಂಜಿನ್ನಿಗೂ ನೀರು ಹೊಡೆದು, ಬಟ್ಟೆಯಿಂದ ಸಂದುಗೊಂದೆಲ್ಲ ಒರೆಸಿ, ಅದರ ಕಪ್ಪು ಮುಚ್ಚಳದ ಮೇಲೆ ಬೆರಳಿನಿಂದ ವಿಭೂತಿಯ ಮೂರು ಪಟ್ಟೆ ಎಳೆದಿದ್ದರು. ಟ್ರ್ಯಾಕ್ಟರಿಗೆ ಪ್ರತಿ ವರ್ಷ ಮಾಡುವುದು ಹಾಗೆಯೇ. ಹೊರಗಿನ ತಗಡು ತೊಳೆದು, ದುಡಿಯುವ ಇಂಜಿನ್ನನ್ನು ಬಿಟ್ಟರೆ ಅದೆಂಥ ಪೂಜೆ ಎನ್ನುವುದು ಅವರ ಲೆಕ್ಕ. ಇಂಥ ಕಾರಿನ ಇಂಜಿನ್ನಿಗೆ ನೀರು ತಾಕಿಸಬಾರದು ಎಂದುಕೊಂಡರೂ ಹಬ್ಬದ ದಿನವೆಂದು ಬಾಯಿ ಮುಚ್ಚಿಕೊಂಡೆ.

ಸಂಜೆ ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಮಾವನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಸುತ್ತು ಹೊರಟೆ. ಅವರು ಹೊಸ ಧೋತರ, ಬಿಳಿ ಅಂಗಿ, ತಲೆಗೆ ಟೊಪ್ಪಿಗೆ ಹಾಕಿದ್ದರು. ಕಾರಿಗೆ ಚೆಂಡುಹೂವಿನ ಮಾಲೆ. ಬಡಾವಣೆಯ ಮೈದಾನದ ಹತ್ತಿರ ಎಲ್ಲರೂ ತಂತಮ್ಮ ಗಾಡಿ ನಿಲ್ಲಿಸಿಕೊಂಡು ಪೂಜೆ ಮಾಡುತ್ತಿದ್ದರು. ಅಲ್ಲಿಗೆ ಬರುವಷ್ಟರಲ್ಲಿ ಕಾರು ಜಗ್ಗತೊಡಗಿತು. ಕೆಮ್ಮಿತು. ಇಂಜಿನ್ನಿನ ಎಚ್ಚರಿಕೆಯ ಕಿತ್ತಳೆ ಬಣ್ಣದ ದೀಪ ಹೊತ್ತಿಕೊಂಡಿತು. ಸರಿಯಾಗಿ ಜನರ ನಡುವೆ ನಿಂತುಬಿಟ್ಟಿತು.

ಮೂಲೆಮನೆಯವರು ಬಂದರು, ಇನ್ನಷ್ಟು ಜನ ಬಂದರು. ಏನಾತ್ರಿ ಸರ ಎಂದು ಒಬ್ಬರು ಕೇಳಿದರು. ಅವರ ಮುಖದಲ್ಲಿದ್ದ ನಗೆಯನ್ನು ನೋಡಿ ನನ್ನ ತಲೆ ಕೆಟ್ಟಿತು. ಅವರಿಗೆ ಉತ್ತರ ಕೊಡುವ ಬದಲು ಮಾವನ ಕಡೆ ತಿರುಗಿದೆ.

"ಟ್ರ್ಯಾಕ್ಟರ್ ತೊಳದಂಗ ತೊಳದ್ರ ಇನ್ನೇನ ಆಗತೈತ್ರಿ? ಗೊತ್ತಿಲ್ಲದ್ದಕ್ಕ ಕೈ ಹಾಕಬಾರ್ದು."

ಸುತ್ತಲಿದ್ದವರ ಮುಖದ ನಗೆ ಹೋಯಿತು. ಮಾವ ಇಳಿದು, ಕಾರಿನ ಹಿಂದೆ ಹೋಗಿ, ಎರಡೂ ಕೈ ಕೊಟ್ಟು ದಬ್ಬತೊಡಗಿದರು. ಸ್ಟೇರಿಂಗ್ ಹಿಡಿಯಲು ಒಬ್ಬರು ಬೇಕಲ್ಲ, ಅದಕ್ಕಾಗಿ ನಾನು ಒಳಗೆ ಕೂತಿದ್ದೆ. ಅಷ್ಟೇ ಕಾರಣ ಎಂದು ಎಷ್ಟು ಸಲ ಹೇಳಿಕೊಂಡರೂ ಕನ್ನಡಿಯಲ್ಲಿ ಕಂಡದ್ದು ಕಂಡದ್ದೇ: ಅಳಿಯ ಕೂತಿದ್ದಾನೆ, ಮಾವ ಹೊಸ ಧೋತರದಲ್ಲಿ ಬಾಗಿ ಗಾಡಿ ದಬ್ಬುತ್ತಿದ್ದಾರೆ. ಬಡಾವಣೆಯ ಇಬ್ಬರು ಓಡಿಬಂದು ಅವರನ್ನು ಸರಿಸಿ ತಾವು ಕೈ ಕೊಟ್ಟರು. ಅವರೂ ನನ್ನ ಮುಖ ನೋಡಲಿಲ್ಲ.

ಮರುದಿನ ಬನ್ನಿ ಹಬ್ಬ. ಸಂಜೆ ಬನ್ನಿ ಎಲೆ ಕೊಟ್ಟು, ಹಿರಿಯರ ಕಾಲಿಗೆ ಬಿದ್ದು, ಬಂಗಾರದಂಗ ಇರೋಣ ಎಂದು ಹೇಳುವ ದಿನ. ಮುನಿಸಿದ್ದವರೂ ಅಂದು ಮಾತಾಡುತ್ತಾರೆ. ಮಾವ ಬೆಳಿಗ್ಗೆಯೇ ಚೀಲ ಹಿಡಿದು ಹೊರಟರು. ಎಮ್ಮೆಗೆ ಹುಷಾರಿಲ್ಲವಂತೆ, ಫೋನು ಬಂತಂತೆ. ಫೋನು ಬಂದಿರಲಿಲ್ಲ ಎಂಬುದು ನನಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ಅವರು ಬಾಗಿಲು ದಾಟಿದ ಮೇಲೆ ಅವಳು ಒಂದೇ ಮಾತು ಅಂದಳು, ಅಪ್ಪ ಇನ್ನು ಈ ಮನೆಯಲ್ಲಿ ವಸ್ತಿ ಇರುವುದಿಲ್ಲ ಎಂದು. ಸಂಜೆ ಅಪ್ಪನ ಪಾಲಿನ ಬನ್ನಿಯನ್ನು ದೇವರ ಜಗಲಿಯ ಮೇಲೆ ಎತ್ತಿಟ್ಟಳು. ನಾನು ಬೇಕಾದರೆ ಕ್ಷಮೆ ಕೇಳುತ್ತೇನೆ ಎಂದೆ. ಆದರೆ ಒಳಗೊಳಗೆ, ಮಾತು ಒರಟಾಗಿತ್ತು ನಿಜ, ತಪ್ಪೇನೂ ಇರಲಿಲ್ಲವಲ್ಲ ಎಂದೇ ನನ್ನ ವಾದವಿತ್ತು.

ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಸುವ ಒಂದು ಸಣ್ಣ ಯಂತ್ರ ನನ್ನಲ್ಲಿತ್ತು. ಇಂಜಿನ್ನಿಗೆ ಏನು ರೋಗ ಎಂಬುದನ್ನು ಅದು ಮೊಬೈಲಿನಲ್ಲಿ ತೋರಿಸುತ್ತದೆ. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಕೆಟ್ಟಿದೆ ಎಂದಿತು. ನೀರು ಹೊಕ್ಕಿದೆ, ಇನ್ನೇನು, ಎಂದುಕೊಂಡು ಹೊಸ ಸೆನ್ಸರ್ ತರಿಸಿದೆ. ಗೋಕುಲ ರಸ್ತೆಯ ಗ್ಯಾರೇಜಿಗೆ ಎಳೆಸಿಕೊಂಡು ಹೋಗಲು ಮನಸ್ಸಾಗಲಿಲ್ಲ. ಮತ್ತೊಮ್ಮೆ ಬಡಾವಣೆಯ ಕಣ್ಣಿಗೆ ಬೀಳುವುದು ಬೇಡವಾಗಿತ್ತು.

ಪಾರ್ಸೆಲ್ ಬಂದ ದಿನ ಮನೆಯ ಗೇಟು ಮುಚ್ಚಿಕೊಂಡು ಒಳಗೇ ಕೆಲಸಕ್ಕೆ ಇಳಿದೆ. ಬ್ಯಾಟರಿಯ ವೈರು ಬಿಚ್ಚಿದೆ. ಹೆಂಡತಿ ಸ್ಕ್ರೂ ಹಾಕಿಡಲು ಒಂದು ಬಟ್ಟಲು ಹಿಡಿದು ನಿಂತಿದ್ದಳು. ಸೆನ್ಸರ್ ಇರುವುದು ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ದಪ್ಪ ಪೈಪಿನಲ್ಲಿ. ಅಲ್ಲಿಗೆ ಕೈ ಹಾಕಬೇಕಾದರೆ ಇಂಜಿನ್ನಿನ ಮುಚ್ಚಳದ ಮೇಲೆ ಮುಂಗೈ ಊರಬೇಕು. ವಿಭೂತಿಯ ಪಟ್ಟೆಗಳು ಹಾಗೇ ಇದ್ದವು. ಒಂದು ಪಟ್ಟೆ ನನ್ನ ಕೈಗೆ ಒರೆಸಿಕೊಂಡಿತು.

ವೈರಿನ ಕೊಂಡಿಯನ್ನು ಒತ್ತಿ ಬಿಡಿಸಿದೆ. ನೀರಿನ ಕಲೆ, ತುಕ್ಕು ಏನಾದರೂ ಇರಬೇಕೆಂದು ಬೆಳಕಿಗೆ ಹಿಡಿದು ನೋಡಿದೆ. ಒಳಗಿನ ರಬ್ಬರ್ ಬಿಗಿಯಾಗಿತ್ತು, ಪಿನ್ನುಗಳು ಹೊಸದರ ಹಾಗೆ ಹೊಳೆಯುತ್ತಿದ್ದವು. ಆಗ ಸಣ್ಣದೊಂದು ಅನುಮಾನ ಬಂತು. ಸ್ಕ್ರೂ ಬಿಚ್ಚಿ ಸೆನ್ಸರನ್ನು ಮೇಲೆತ್ತಿದೆ. ಅದರ ತುದಿಯಲ್ಲಿ ಕೂದಲೆಳೆಯಂಥ ತಂತಿ ಇರುತ್ತದೆ, ಗಾಳಿಯನ್ನು ಅಳೆಯುವುದು ಅದೇ. ತಂತಿಯ ತುಂಬ ಕೆಂಪಗೆ ಏನೋ ಮೆತ್ತಿತ್ತು. ಪೈಪಿನೊಳಗೆ ಬೆರಳು ಆಡಿಸಿದೆ. ಬೆರಳೂ ಕೆಂಪಾಯಿತು.

ಹೆಂಡತಿ ಬಟ್ಟಲು ಕೆಳಗಿಟ್ಟು ನನ್ನ ಬೆರಳನ್ನು ಮುಟ್ಟಿ, ತನ್ನ ಬೆರಳಿಗೆ ಬೆರಳು ಉಜ್ಜಿ ನೋಡಿದಳು.

"ನೀರು ಹಿಂಗ ಜಿಗಟ ಇರತೈತೇನ್ರಿ?"

ಇರುವುದಿಲ್ಲ. ಅದು ನಾನು ಫಿಲ್ಟರಿಗೆ ಹಚ್ಚಿದ ಎಣ್ಣೆ. ತೆಳ್ಳಗೆ ಹಚ್ಚಬೇಕೆಂದು ವಿಡಿಯೋದವನು ಹೇಳಿದ್ದ. ಹಬ್ಬಕ್ಕೆ ಇರಲಿ ಎಂದು ನಾನು ಧಾರಾಳವಾಗಿ ಸುರಿದಿದ್ದೆ. ಗಾಳಿಯ ಜೊತೆ ಅದೇ ಒಳಗೆ ಹೋಗಿ ತಂತಿಯನ್ನು ಹಾಳುಮಾಡಿತ್ತು. ಮಾವ ನೀರು ಹೊಡೆಯದಿದ್ದರೂ ಕಾರು ಅಂದು ನಿಲ್ಲುವುದೇ ಇತ್ತು. ನಾನು ಫಿಲ್ಟರಿನ ಎಣ್ಣೆ ಒರೆಸಿ, ಪೈಪು ಒರೆಸಿ, ಹೊಸ ಸೆನ್ಸರ್ ಕೂಡಿಸಿದೆ. ಕಾರು ಒಂದೇ ಸಲಕ್ಕೆ ಶುರುವಾಯಿತು, ದೀಪ ಆರಿತು. ಆ ಸದ್ದು ಕೇಳಿ ನನಗೆ ನಾಚಿಕೆಯಲ್ಲದೆ ಬೇರೇನೂ ಅನ್ನಿಸಲಿಲ್ಲ. ಹೆಂಡತಿ ಕೈ ತೊಳೆಯಲು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಫೋನಿನಲ್ಲಿ ಹೇಳುವ ಮಾತಲ್ಲ ಅದು. ಎಲ್ಲರೆದುರು ಅಂದದ್ದನ್ನು ಎಲ್ಲರೆದುರೇ ಹಿಂದಕ್ಕೆ ತಗೊಳ್ಳಬೇಕು ಎಂದು ತೀರ್ಮಾನಿಸಿದೆ. ದಸರೆಯ ಬೆನ್ನಿಗೇ ಬರುವ ಶೀಗಿ ಹುಣ್ಣಿಮೆ ಹತ್ತಿರವಿತ್ತು. ಅಂದು ಬೀಗರು ಬಿಜ್ಜರೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯ ಅಡುಗೆಯನ್ನು ಚರಗವಾಗಿ ಚೆಲ್ಲಿ, ಅಲ್ಲಿಯೇ ಕೂತು ಉಣ್ಣುವ ರೂಢಿ. ಜಗಲಿಯ ಮೇಲೆ ಒಣಗುತ್ತಿದ್ದ ಬನ್ನಿಯನ್ನು ಹೆಂಡತಿ ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಅದೇ ಕಾರಿನಲ್ಲಿ ಮುಗದಕ್ಕೆ ಹೋದೆವು.

ಹೊಲದ ದಾರಿಗೆ ನನ್ನ ಕಾರು ಇಳಿಯುವುದಿಲ್ಲ. ಊರಲ್ಲಿ ನಿಲ್ಲಿಸಿ, ಮಾವನ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿದೆವು. ಓಡಿಸುತ್ತಿದ್ದವರು ಮಾವನ ತಮ್ಮ. ಈ ಹಬ್ಬಕ್ಕೆಂದು ಮತ್ತೆ ತೊಳೆದ ಟ್ರ್ಯಾಕ್ಟರಿನ ಗಾಲಿಗಳು ಫಳಫಳ ಹೊಳೆಯುತ್ತಿದ್ದವು, ಇಂಜಿನ್ನಿನ ಮೇಲೆ ಮಾತ್ರ ಧೂಳು ಎಣ್ಣೆ ಕೂಡಿ ಕೂತಿತ್ತು. ನಾನು ನೋಡಿದ್ದನ್ನು ನೋಡಿ ಅವರು ನಕ್ಕರು. ಇಂಜಿನ್ನಿಗೆ ನೀರು ತಾಕಿಸಬಾರದೆಂದು ಅಣ್ಣನ ಅಪ್ಪಣೆಯಂತೆ. ಅಳಿಯಾರ ಗಾಡಿಯನ್ನು ಹಾಗೆಯೇ ಕೆಡಿಸಿ ಬಂದೆ, ನೀವಾದರೂ ಹುಷಾರಾಗಿರಿ ಎಂದು ಊರಿಗೆಲ್ಲ ಹೇಳುತ್ತಿದ್ದಾರಂತೆ. ನನಗೆ ಟ್ರೇಲರಿನಿಂದ ಜಿಗಿದು ಓಡಿಹೋಗಬೇಕೆನ್ನಿಸಿತು.

ಹೊಲದಲ್ಲಿ ಪೂಜೆ ಮುಗಿದಿತ್ತು. ಬದುವಿನ ಮರದ ನೆರಳಲ್ಲಿ ಎಲ್ಲರೂ ಕಡಬು, ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಕೂತಿದ್ದರು. ಮಾವ ನನ್ನನ್ನು ಕಂಡವರೇ ಎದ್ದು ನಿಂತು, ಬರ್ರಿ ಎಂದು ಕಂಬಳಿ ಹಾಸಿದರು. ನಾನು ಕೂಡಲಿಲ್ಲ. ಬನ್ನಿ ಕೊಟ್ಟು, ಕಾಲು ಮುಟ್ಟಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಮಾವಾರ, ಗಾಡಿ ಕೆಟ್ಟಿದ್ದು ನಿಮ್ಮ ನೀರಿಂದ ಅಲ್ರಿ. ನಾ ಹಚ್ಚಿದ ಎಣ್ಣಿಯಿಂದ. ತಪ್ಪು ನಂದು. ಸುಮ್ನ ನಿಮ್ಮನ್ನ ಅಂದೆ."

ಮಾವನ ಅಕ್ಕ, ನನ್ನ ಹೆಂಡತಿಯ ಸೋದರತ್ತೆ, ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟು ಕಣ್ಣೊರೆಸಿಕೊಂಡರು.

"ಅಳಿಯಾ ಅಂದ್ರ ಹಿಂಗಿರಬೇಕು ನೋಡ್ರಿ. ಮಾವನ ಮರ್ಯಾದಿ ಉಳಸಾಕ ತಪ್ಪು ತನ್ನ ಮ್ಯಾಲೆ ಹಾಕ್ಕೊಳ್ಳಾಕತ್ತಾರ."

ಎಲ್ಲರೂ ತಲೆ ಆಡಿಸಿದರು. ಹಾಗಲ್ಲ, ನಿಜವಾಗಿಯೂ ನನ್ನದೇ ತಪ್ಪು ಎಂದು ಸೆನ್ಸರು, ತಂತಿ, ಫಿಲ್ಟರು ಎಲ್ಲ ವಿವರಿಸತೊಡಗಿದೆ. ವಿವರಿಸಿದಷ್ಟೂ ನಾನು ದೊಡ್ಡ ಮನುಷ್ಯನಾಗುತ್ತ ಹೋದೆ. ಕಲಿತವರ ಗುಣವೇ ಬೇರೆ ಎಂದು ಯಾರೋ ಹಿಂದಿನಿಂದ ಅಂದರು. ಹೆಂಡತಿಯ ಕಡೆ ನೋಡಿದೆ, ಅವಳಾದರೂ ಹೇಳಲಿ ಎಂದು. ಅವಳು ತಾಟಿನ ಕಡೆ ನೋಡುತ್ತ ಕೂತಿದ್ದಳು. ಮಾವ ನನ್ನನ್ನು ಕಂಬಳಿಯ ಮೇಲೆ ಕೂರಿಸಿ, ತಾಟಿಗೆ ಕಡಬು ಹಾಕಿ, ಮೊದಲು ಊಟ ಮಾಡಿರಿ ಎಂದರು. ಅಷ್ಟು ಮರ್ಯಾದೆಯ ಊಟ ಆ ಮನೆಯವರು ನನಗೆ ಮದುವೆಯ ದಿನವೂ ಬಡಿಸಿರಲಿಲ್ಲ.

ಇಳಿಹೊತ್ತಿಗೆ ಹೊರಟು ನಿಂತಾಗ ಮಾವ ಊರೊಳಗೆ ಕಾರಿನ ತನಕ ಬಂದರು. ಗಾಡಿ ಈಗ ಸರಿಯಾಗಿದೆಯೇ ಎಂದು ಕೇಳಿದರು. ನೋಡಿ ಬೇಕಾದರೆ ಎಂದು ನಾನು ಬಾನೆಟ್ ಎತ್ತಿದೆ. ಮುಚ್ಚಳದ ಮೇಲೆ ಎರಡು ಪಟ್ಟೆ ಉಳಿದಿದ್ದವು, ಮೂರನೆಯದರ ಜಾಗದಲ್ಲಿ ನನ್ನ ಮುಂಗೈಯ ಗುರುತಿತ್ತು. ಮಾವ ಬಹಳ ಹೊತ್ತು ಅದನ್ನೇ ನೋಡಿದರು. ಅಂಗಿಯ ಕಿಸೆಯಿಂದ ವಿಭೂತಿಯ ಗಟ್ಟಿ ತೆಗೆದು ಬೆರಳಿಗೆ ಉಜ್ಜಿಕೊಂಡರು. ಕೈ ಮುಂದೆ ಚಾಚಿದರು. ಬಾನೆಟ್ಟಿನ ಅಂಚಿನ ಹತ್ತಿರ ಬರುತ್ತಲೇ ಕೈ ನಿಂತಿತು.

"ಹಚ್ಚಬಹುದೇನ್ರಿ ಅಳಿಯಾರ?"

ಚುಚ್ಚಿ ಕೇಳಿದ ಮಾತಲ್ಲ ಅದು. ಗೊತ್ತಿಲ್ಲದ್ದಕ್ಕೆ ಕೈ ಹಾಕಬಾರದು ಎಂದು ನಾನು ಅಂದದ್ದನ್ನು ಅವರು ನಂಬಿದ್ದರು, ಅಷ್ಟೇ.

"ಹಚ್ಚಪ್ಪಾ," ಎಂದಳು ನನ್ನ ಹೆಂಡತಿ.

ಅವಳ ಮಾತು ಅವರಿಗೆ ಕೇಳಿಸಿತು. ಆದರೂ ಮಾವ ಬೆರಳನ್ನು ಹಾಗೇ ಹಿಡಿದುಕೊಂಡು, ನಾನು ಹೂಂ ಅನ್ನಲಿ ಎಂದು ನನ್ನ ಮುಖವನ್ನೇ ನೋಡುತ್ತ ನಿಂತರು.