ಶಾಂತಾಬಾಯಿಗೆ ಒಂದು ತಂಬಿಗೆ ನೀರು

ಶಾಂತಾಬಾಯಿ ಯಾರ ಮನೆಯ ಬಾಗಿಲಲ್ಲಿ ನಿಂತರೂ ಮೊದಲು ಕುಡಿಯಲು ನೀರು ಕೇಳುತ್ತಿದ್ದಳು. ಅದೂ ಅಂಗಳದ ತೊಟ್ಟಿಯ ನೀರೇ ಆಗಬೇಕು. ನಮ್ಮ ಕಡೆ ತಾಂಡೂರು ಕಲ್ಲಿನ ಚಪ್ಪಡಿ ನಿಲ್ಲಿಸಿ ತೊಟ್ಟಿ ಕಟ್ಟುತ್ತಾರೆ. ನಳ ಬಂದ ದಿನ ತುಂಬಿಸಿ, ಮತ್ತೆ ಬರುವವರೆಗೆ ಅದನ್ನೇ ನೆಚ್ಚಿಕೊಂಡಿರುತ್ತಾರೆ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದೂ ಅಲ್ಲೇ. ಬಾಗಿಲಿಗೆ ಬಂದವರಿಗೆ ಹುಳ ಆಡುವ ನೀರನ್ನು ಯಾವ ಹೆಣ್ಣುಮಗಳು ಕೊಟ್ಟಾಳು? ಶಾಂತಾಬಾಯಿ ಬರುತ್ತಾಳೆ ಅಂದರೆ ತಳದ ನೀರನ್ನು ಎಮ್ಮೆಗೆ ಹಾಕಿ, ತೊಟ್ಟಿ ತಿಕ್ಕಿ, ಹೊಸ ನೀರು ತುಂಬಿಸಿಟ್ಟಿರುತ್ತಿದ್ದರು. ಕಂಡಕಂಡ ಮನೆಯಲ್ಲಿ ನೀರು ಕುಡಿದರೂ ಆಕೆಯ ಹೊಟ್ಟೆ ಒಂದು ದಿನವೂ ಕೆಡಲಿಲ್ಲ. ಅದಕ್ಕೂ ನನಗೆ ಸಂಕಟ.

ಶಾಂತಾಬಾಯಿಯಂತೆ ನಾನೂ ನರ್ಸೇ. ತಾಂಡೂರಿನ ಹತ್ತಿರ, ಕನ್ನಡ ಗಡಿಯ ಯಾಲಾಲ್ ಕಡೆಯ ಒಂದೇ ಸರ್ಕಾರಿ ಆಸ್ಪತ್ರೆಯಲ್ಲಿ ಇಬ್ಬರೂ ಕೆಲಸಕ್ಕಿದ್ದೆವು. ನಾನು ಟಾರ್ಚ್ ಹಿಡಿದು ತೊಟ್ಟಿಯೊಳಗೆ ಬಗ್ಗಿ, ಈ ನೀರು ಚೆಲ್ಲಿರಿ ಅಂದರೆ ಪೊಲೀಸರು ಬಂದವರಂತೆ ಮುಖ ಮಾಡುತ್ತಿದ್ದರು. ಒಂದು ಸಲ ನಾನೂ ನೀರು ಕೇಳಿ ನೋಡಿದೆ. ಆ ಮನೆಯಾಕೆ ಅಂಗಡಿಗೆ ಓಡಿಹೋಗಿ ಬಾಟಲಿ ನೀರು ತಂದಳು. ದೊಡ್ಡ ಮನೆಯ ಸೊಸೆಗೆ ತೊಟ್ಟಿಯ ನೀರು ಕೊಡುವುದು ಹೇಗೆ ಅಂದಳು.

ಶಾಂತಾಬಾಯಿ ಬೌದ್ಧರಾದ ದಲಿತರ ಮನೆಯ ಹೆಣ್ಣು. ಮೊದಮೊದಲು ನಮ್ಮ ಓಣಿಯಲ್ಲಿ ಆಕೆಯ ಬೊಗಸೆಗೆ ಮೇಲಿನಿಂದ ನೀರು ಸುರಿದವರಿದ್ದರು. ನಮ್ಮ ಅತ್ತೆಯೂ ಅವರಲ್ಲೊಬ್ಬರು. ಶಾಂತಾಬಾಯಿ ಮುಖ ಗಂಟಿಕ್ಕಲಿಲ್ಲ, ಕೇಳುವುದನ್ನೂ ಬಿಡಲಿಲ್ಲ. "ತಂಬಿಗಿ ಕೊಡ್ರಿ ಅವ್ವಾ, ಬೊಗಸ್ಯಾಗ ನೀರು ನಿಂದ್ರಂಗಿಲ್ಲ" ಅನ್ನುತ್ತಿದ್ದಳು. ಕೇಳಿ ಕೇಳಿ ಒಂದು ದಿನ ಅತ್ತೆ ತಂಬಿಗೆಯನ್ನೇ ಕೈಗೆ ಕೊಟ್ಟರು. ಆಮೇಲೆ ಕಟ್ಟೆಯ ಮೇಲೆ ಕೂಡಿಸಿದರು, ಆಮೇಲೆ ಚಹಾ, ಆಮೇಲೆ ಮೊಣಕಾಲು ನೋವಿನ ಕಥೆ. ಅದೇ ಮೊಣಕಾಲಿಗೆ ದಿನಾ ಎಣ್ಣೆ ಹಚ್ಚುವ ನನಗೆ ಆ ಕಥೆ ಕೇಳುವ ಭಾಗ್ಯ ಇರಲಿಲ್ಲ.

ತೆಲಂಗಾಣದ ಹೋರಾಟ ಕಾವೇರಿದ್ದ ವರ್ಷ ಹೈದರಾಬಾದಿನಿಂದ ಸಂಶೋಧನೆಗೆಂದು ಇಬ್ಬರು ಹುಡುಗಿಯರು ಬಂದರು. ತೊಟ್ಟಿಗಳಲ್ಲಿ ಸೊಳ್ಳೆಮರಿ ಹುಡುಕುವುದರ ಜೊತೆಗೆ, ಸರ್ಕಾರಿ ಆಸ್ಪತ್ರೆಯವರು ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತಲೂ ಮನೆಮನೆಗೆ ಹೋಗಿ ಕೇಳುತ್ತಿದ್ದರು. ಅವರಿಗೆ ಕನ್ನಡ ಬಾರದು, ಅವರ ಪಟ್ಟಣದ ತೆಲುಗು ಅತ್ತೆಗೆ ತಿಳಿಯದು. ನಡುವೆ ನಾನೇ ಅನುವಾದಕ್ಕೆ ನಿಂತೆ. ಜ್ವರ ಬಂದರೆ ಯಾರ ಮಾತು ನಂಬುತ್ತೀರಿ ಅಂತ ಒಬ್ಬಳು ಕೇಳಿದಳು. ಅತ್ತೆ ನನ್ನ ಮುಖ ನೋಡಿಕೊಂಡೇ, "ಶಾಂತಾಬಾಯಿದು. ಮತ್ತ ಯಾರದು?" ಅಂದರು. ಅನುವಾದದಲ್ಲಿ ಒಂದಿಷ್ಟು ಹಿಂದುಮುಂದು ಮಾಡೋಣ ಅನ್ನಿಸಿತು. ಆದರೆ ಹೆಸರಿಗೆ ಅನುವಾದ ಬೇಕೇ? ಹುಡುಗಿ ಆಗಲೇ ಬರೆದುಕೊಂಡಿದ್ದಳು.

ಅದೇ ಮಳೆಗಾಲ ಅತ್ತೆಗೆ ಜ್ವರ ಬಂತು. ಬಂದ್ ನಡೆದಿತ್ತು, ಬಸ್ಸಿಲ್ಲ. ಕೆಲವು ದಿನಕ್ಕೆ ಮೈ ತಣ್ಣಗಾಯಿತು, ಅತ್ತೆ ವಾಸಿಯಾಯಿತು ಅಂತ ಎದ್ದು ಕೂತರು. ಡೆಂಗಿಯಲ್ಲಿ ಜ್ವರ ಇಳಿದ ಮೇಲೇ ಅಪಾಯ. ಹೊಟ್ಟೆ ನೋವು ಸುರುವಾಗಿತ್ತು, ಒಸಡಿನಲ್ಲಿ ರಕ್ತ ಕಾಣುತ್ತಿತ್ತು. ತಾಂಡೂರಿನ ಆಸ್ಪತ್ರೆಗೆ ಈಗಲೇ ಹೋಗಬೇಕು ಅಂದೆ. ಬೈದೆ, ಕೈಮುಗಿದೆ, ಜೀವಕ್ಕೆ ಬರುತ್ತದೆ ಅಂದೆ.

"ಶಾಂತಾಬಾಯಿಗಿ ಕರಿ. ಆಕಿ ಹೇಳಿದ್ರ ಹೋಗ್ತೀನಿ" ಅಂದು ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದರು.

ಹಲ್ಲು ಕಚ್ಚಿ ಆಕೆಗೆ ಫೋನ್ ಮಾಡಿದೆ. ಪಕ್ಕದ ಊರಿನಿಂದ ಹೊಲದ ದಾರಿ ಹಿಡಿದು ಬಂದ ಶಾಂತಾಬಾಯಿ, ಅತ್ತೆಯ ಪಾದ ತಣ್ಣಗಿದೆಯೇ ಅಂತ ಮುಟ್ಟಿ ನೋಡಿದಳು. "ಅವ್ವಾ, ಸರೋಜಕ್ಕ ಹೇಳಿದ್ದು ಖರೇ ಅದ. ಈಗೇ ಹೋಗಬೇಕು" ಅಂದಳು. ಅಷ್ಟೇ. ಬೆಳಗಿನಿಂದ ನಾನು ಗಂಟಲು ಹರಿದುಕೊಂಡದ್ದು ಅದೇ ಮಾತಿಗೆ. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು.

ತಾಂಡೂರಿನ ದಾರಿಯಲ್ಲಿ ಹೋರಾಟದವರು ನಡುರಸ್ತೆಯಲ್ಲೇ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಪೇಷಂಟ್ ಇರುವ ಆಟೋಕ್ಕೆ ಅವರು ಹೇಗೂ ದಾರಿ ಬಿಡುತ್ತಿದ್ದರು. ಆದರೆ ಅನ್ನದ ಪಾತ್ರೆ ಸರಿಸುತ್ತ ಅವರು ಅಂದದ್ದು ಶಾಂತಕ್ಕ ಬಂದಾಳ, ದಾರಿ ಬಿಡ್ರಿ ಅಂತ. ಅದೇ ಆಟೋದಲ್ಲಿ ನಾನೂ ಇದ್ದೆ. ಅತ್ತೆ ಉಳಿದರು. ಹೊತ್ತಿಗೆ ಸರಿಯಾಗಿ ಕರೆತಂದಿರಿ ಅಂತ ಡಾಕ್ಟರು ಶಾಂತಾಬಾಯಿಯನ್ನೇ ಹೊಗಳಿದರು. "ನಿಮಗ ಮೊದಲೇ ಗೊತ್ತಿತ್ತಲ್ರೀ ಅಕ್ಕಾ, ನಾ ಏನ್ ಮಾಡೀನಿ?" ಅಂತ ಆಕೆ ನನ್ನ ಕೈ ಹಿಡಿದಳು. ಅಯ್ಯೋ, ಆಕೆ ಒಂದಿಷ್ಟು ಜಂಬದವಳಾಗಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು!

ರಾಜ್ಯ ಬೇರೆಯಾದ ಮೇಲೆ ಆಕೆಗೆ ನಾರಾಯಣಖೇಡದ ಕಡೆ ವರ್ಗವಾಯಿತು. ಊರೆಲ್ಲ ಕಣ್ಣೀರು ಹಾಕಿತು, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇನ್ನು ಅತ್ತೆ ನನ್ನವರಾಗುತ್ತಾರೆ ಅಂದುಕೊಂಡೆ.

ಹೋದ ವರ್ಷ ಒಂದು ಬೆಳಿಗ್ಗೆ ಫೋನ್ ಬಂತು. ಶಾಂತಾಬಾಯಿ ಎದೆನೋವಿನಿಂದ ತೀರಿಕೊಂಡಿದ್ದಳು. ಅತ್ತೆಗೆ ಬಿಪಿ ಮಾತ್ರೆ ಕೊಡುವ ಹೊತ್ತು ಅದು. ಎಷ್ಟೋ ವರ್ಷದಿಂದ ಅವರ ಮಾತ್ರೆ, ಪಥ್ಯ, ಸ್ನಾನ ಎಲ್ಲ ನನ್ನದೇ. ಸುದ್ದಿ ಹೇಳಿದೆ. ಅತ್ತೆ, "ಇನ್ನ ನನಗ ನೋಡಾಕ ಯಾರದಾರ?" ಅಂದರು.

ಮಾತ್ರೆ ಹಿಡಿದುಕೊಂಡು ನಾನು ಎದುರಿಗೇ ನಿಂತಿದ್ದೆ. ತಡೆಯಲಾಗದೆ ಅತ್ತುಬಿಟ್ಟೆ. ಸೊಸೆ ಶಾಂತಾಬಾಯಿಗಾಗಿ ಅಳುತ್ತಿದ್ದಾಳೆ ಅಂತ ತಿಳಿದು, ಅತ್ತೆ ಮೊದಲ ಸಲ ನನ್ನ ತಲೆ ಸವರಿದರು.